ಗರ್ಭಕೋಶ ಜಾರಿದರೆ ತೆಗೆಸಲೇಬೇಕೆ?

ಅನಗತ್ಯವಾಗಿ ಗರ್ಭಕೋಶ ತೆಗೆಯುವ ಪಿಡುಗಿನ ಬಗ್ಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಬಡ ಹೆಂಗಸರಿಗೆ ಆದ ಅನ್ಯಾಯವನ್ನು ಮುಂದಿಟ್ಟು ಡಾ. ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಂದ ತೀರ್ಪು ಅದು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದು ಕೋರ್ಟ್ ಆದೇಶಿಸಿತು. ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುವ ಬದುಕಿನ ಹಕ್ಕಿನ ಭಾಗ ಎಂಬುದು ಆ ತೀರ್ಪಿನ ತಿರುಳು.

ಆದರೆ ಈ ವಿಷಯದ ಚರ್ಚೆ ಎಲ್ಲಿ ನಡೆದರೂ ಒಂದು ಕಾಯಿಲೆಗೆ ವಿನಾಯಿತಿ ಸಿಕ್ಕಿಬಿಡುತ್ತದೆ. ಬಿಳಿಸೆರಗಿಗೆ, ಸೊಂಟನೋವಿಗೆ, ಹೆಚ್ಚು ಮುಟ್ಟು ಹೋಗುತ್ತದೆ ಎಂಬುದಕ್ಕೆ ಗರ್ಭಕೋಶ ತೆಗೆಯುವುದು ತಪ್ಪು, ಸರಿ. ಆದರೆ ಅದು ಜಾರಿ ಕೆಳಗೆ ಬಂದಿದ್ದರೆ ತೆಗೆಯದೆ ಇನ್ನೇನು ಮಾಡುವುದು? ಈ ಪ್ರಶ್ನೆಯನ್ನು ಊರಿನ ಹಿರಿಯರಷ್ಟೇ ಅಲ್ಲ, ಒಳ್ಳೆಯ ವೈದ್ಯರೂ, ಅನಗತ್ಯ ಆಪರೇಷನ್ನಿನ ವಿರುದ್ಧ ಹೋರಾಡುವವರೂ ಕೇಳುತ್ತಾರೆ. ಉತ್ತರ ಬೇಕಿಲ್ಲದ ಪ್ರಶ್ನೆ ಅದು ಎಂಬಂತೆ ಕೇಳುತ್ತಾರೆ.

ಅದಕ್ಕೆ ಉತ್ತರವಿದೆ. ಗರ್ಭಕೋಶ ಜಾರಿದ ಹೆಂಗಸಿಗೆ ಅದನ್ನು ತೆಗೆಸುವುದೇ ಸಹಜ ಚಿಕಿತ್ಸೆ ಎಂಬ ನಂಬಿಕೆಗೆ ಶರೀರರಚನೆಯ ಬೆಂಬಲವಿಲ್ಲ, ಇತ್ತೀಚಿನ ಸಂಶೋಧನೆಯ ಬೆಂಬಲವೂ ಇಲ್ಲ. ಅದು ಉಳಿದುಕೊಂಡಿರುವುದು ರೂಢಿಯ ಬಲದಿಂದ.

ಮೊದಲು ಈ ರೂಢಿಯ ಅಳತೆ ಎಷ್ಟು ಎಂದು ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ಸುತ್ತಿನಲ್ಲಿ, 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 3.2ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರಪ್ರದೇಶದಲ್ಲಿ ಈ ಪ್ರಮಾಣ ಶೇ. 9ರ ಹತ್ತಿರವಿತ್ತು. ಆಪರೇಷನ್ ಆದಾಗಿನ ವಯಸ್ಸಿನ ಮಧ್ಯಾಂಕ 34. ಮೂರರಲ್ಲಿ ಎರಡು ಪಾಲು ಆಪರೇಷನ್ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಅತಿಯಾದ ಮುಟ್ಟು ಮತ್ತು ನೋವು ಎಂಬ ಕಾರಣ ಕೊಟ್ಟವರು ಅರ್ಧಕ್ಕಿಂತ ಹೆಚ್ಚು. ಗರ್ಭಕೋಶ ಜಾರಿತ್ತು ಎಂದವರು ಸುಮಾರು ಶೇ. 8. ಪ್ರಮಾಣ ಚಿಕ್ಕದು ಎನಿಸಬಹುದು. ಆದರೆ ಸಮೀಕ್ಷೆಯ ಲೆಕ್ಕ 49ನೇ ವಯಸ್ಸಿಗೆ ನಿಂತುಬಿಡುತ್ತದೆ. ಈ ತೊಂದರೆಯಾದರೋ ಮುಟ್ಟು ನಿಂತ ಮೇಲೆ ಹೆಚ್ಚುತ್ತಾ ಹೋಗುತ್ತದೆ. ಐವತ್ತು, ಅರವತ್ತು ದಾಟಿದವರಲ್ಲಿ ಏನು ನಡೆಯುತ್ತಿದೆ ಎಂಬುದು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಇದನ್ನು ಅನುಭವಿಸುವ ಹೆಂಗಸಿನ ಪಾಡು ಸಣ್ಣದಲ್ಲ. ನಿಂತರೆ ಕೆಳಗೆ ಏನೋ ಜೋತುಬಿದ್ದಂತೆ, ಕೂತರೆ ಒತ್ತಿದಂತೆ. ಮೂತ್ರ ಪೂರ್ತಿ ಹೋಗುವುದಿಲ್ಲ, ಇಲ್ಲವೇ ಕೆಮ್ಮಿದರೆ ಹೋಗಿಬಿಡುತ್ತದೆ. ಕೈಯಿಂದ ಒಳಗೆ ತಳ್ಳಿಕೊಂಡು ಕಳೆ ಕೀಳಲು ಹೋಗುವವರಿದ್ದಾರೆ. ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡವರಿದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಶೇ. 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು; ಅದಕ್ಕೂ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ. 8 ಮಾತ್ರ. ಇಷ್ಟು ಕಾಲ ಬಾಯಿ ಬಿಡದ ಹೆಂಗಸು ಕೊನೆಗೊಮ್ಮೆ ಧೈರ್ಯ ಮಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ, ಅವಳ ಮುಂದೆ ಇರುವ ದಾರಿಗಳನ್ನೆಲ್ಲ ಬಿಡಿಸಿ ಹೇಳಬೇಕಾದದ್ದು ನ್ಯಾಯ. ಅವಳಿಗೆ ಕೇಳಿಸುವುದು ಬಹುತೇಕ ಒಂದೇ ಮಾತು: ತೆಗೆಸಿಬಿಡಿ.

ಗರ್ಭಕೋಶ ತಾನಾಗಿ ಜಾರುವುದಿಲ್ಲ ಎಂಬಲ್ಲಿಂದಲೇ ಈ ಸಲಹೆಯ ತಪ್ಪು ಶುರುವಾಗುತ್ತದೆ. ಅದನ್ನು ಮೇಲಿನಿಂದ ಬೆನ್ನುಮೂಳೆಯ ಬುಡದ ಕಡೆಗೂ ಪಕ್ಕಗಳಿಗೂ ಎಳೆದು ಹಿಡಿದಿರುವ ಲಿಗಮೆಂಟುಗಳಿವೆ. ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಹಾಸು ಇದೆ. ಅಮೆರಿಕದ ಜಾನ್ ಡಿಲ್ಯಾನ್ಸಿ ಈ ಆಧಾರವನ್ನು ಮೂರು ಹಂತಗಳಾಗಿ ವಿವರಿಸಿದ್ದು 1992ರಲ್ಲಿ. ಇಂದು ಈ ವಿಷಯದ ಪಾಠ ಶುರುವಾಗುವುದೇ ಅಲ್ಲಿಂದ. ಹೆರಿಗೆಯಲ್ಲಿ ಸ್ನಾಯು ಹರಿದು, ವಯಸ್ಸಿನೊಂದಿಗೆ ಲಿಗಮೆಂಟು ಸಡಿಲಗೊಂಡು ಆಧಾರ ಸೋತಾಗ ಗರ್ಭಕೋಶ ಕೆಳಗಿಳಿಯುತ್ತದೆ. ಮುಂದೆ ಮೂತ್ರಕೋಶ, ಹಿಂದೆ ಮಲಾಶಯ ಕೂಡ ಅದೇ ಕಾರಣಕ್ಕೆ ಯೋನಿಯೊಳಗೆ ಉಬ್ಬಿ ಬರುತ್ತವೆ. ಹಗ್ಗ ಸಡಿಲವಾಗಿ ತೊಟ್ಟಿಲು ನೆಲಕ್ಕೆ ತಾಗಿದರೆ ಬಿಗಿಯಬೇಕಾದದ್ದು ಹಗ್ಗವನ್ನು. ತೊಟ್ಟಿಲನ್ನು ಒಲೆಗೆ ಹಾಕುವವರಿಲ್ಲ.

ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಆಧಾರ ಗಟ್ಟಿಯಾಗುವುದಿಲ್ಲ ಎಂಬುದಕ್ಕೆ ಸಾಕ್ಷಿ ಆಪರೇಷನ್ನಿನ ನಂತರದ ವರ್ಷಗಳಲ್ಲಿ ಸಿಗುತ್ತದೆ. ಗರ್ಭಕೋಶವಿದ್ದ ಜಾಗದಲ್ಲಿ ಹೊಲಿದು ಮುಚ್ಚಿದ ಯೋನಿಯ ಮೇಲ್ತುದಿಯೇ ಕೆಲವರಲ್ಲಿ ಕೆಳಗೆ ಜಾರುತ್ತದೆ. ವೈದ್ಯರು ಇದನ್ನು ವಾಲ್ಟ್ ಪ್ರೊಲ್ಯಾಪ್ಸ್ ಎನ್ನುತ್ತಾರೆ. ಬ್ರಿಟನ್ನಿನ ಪ್ರಸೂತಿತಜ್ಞರ ರಾಯಲ್ ಕಾಲೇಜು ಈ ತೊಂದರೆಗೆಂದೇ ಹೊರಡಿಸಿರುವ ಮಾರ್ಗಸೂಚಿ ಉಲ್ಲೇಖಿಸುವ ಅಂಕಿ ಗಮನಿಸಬೇಕಾದ್ದು: ಬೇರೆ ಕಾಯಿಲೆಗೆ ಗರ್ಭಕೋಶ ತೆಗೆಸಿದವರಲ್ಲಿ ಶೇ. 1.8ರಷ್ಟು ಮಂದಿಗೆ ಇದು ಕಂಡರೆ, ಜಾರಿದ್ದಕ್ಕೇ ತೆಗೆಸಿದವರಲ್ಲಿ ಶೇ. 11.6ರಷ್ಟು ಮಂದಿಗೆ ಕಂಡಿತು. ಯಾರಿಗೆ ಇದು ಶಾಶ್ವತ ಪರಿಹಾರ ಎಂದು ಹೇಳಿ ಆಪರೇಷನ್ ಮಾಡಿದರೋ ಅವರಿಗೇ ಮರುಕಳಿಸುವ ಅಪಾಯ ಹೆಚ್ಚು. ಎರಡನೆಯ ಸಲದ ಆಪರೇಷನ್ ಮೊದಲಿನದಕ್ಕಿಂತ ಕಷ್ಟ, ಮಾಡಬಲ್ಲ ಸರ್ಜನ್ನರೂ ಕಡಿಮೆ.

ಹಾಗಾದರೆ ಗರ್ಭಕೋಶವನ್ನು ಉಳಿಸಿ ಆಧಾರವನ್ನಷ್ಟೇ ಸರಿಪಡಿಸಬಹುದೆ? ಈ ಪ್ರಶ್ನೆಗೆ ಕಳೆದ ದಶಕದಲ್ಲಿ ಯುರೋಪಿನಿಂದ ಗಟ್ಟಿ ಉತ್ತರಗಳು ಬಂದಿವೆ. ನೆದರ್‌ಲ್ಯಾಂಡ್ಸ್‌ನಲ್ಲಿ 208 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೋನಿಯ ಮೂಲಕ ಗರ್ಭಕೋಶ ತೆಗೆಯುವ ಆಪರೇಷನ್. ಇನ್ನೊಂದಕ್ಕೆ ಗರ್ಭಕೋಶವನ್ನು ಒಳಗಿನ ಗಟ್ಟಿ ಲಿಗಮೆಂಟಿಗೆ ಹೊಲಿದು ನಿಲ್ಲಿಸುವ ಆಪರೇಷನ್. ಐದು ವರ್ಷಗಳ ಬಳಿಕದ ಫಲಿತಾಂಶ 2019ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಮೇಲ್ತುದಿ ಮತ್ತೆ ಜಾರಿ ತೊಂದರೆ ಕೊಟ್ಟದ್ದು ಅಥವಾ ಮರು ಆಪರೇಷನ್ ಬೇಕಾದದ್ದು ಉಳಿಸಿದ ಗುಂಪಿನಲ್ಲಿ ಒಬ್ಬರಿಗೆ, ತೆಗೆದ ಗುಂಪಿನಲ್ಲಿ ಎಂಟು ಮಂದಿಗೆ.

ಉಳಿಸುವ ವಿಧಾನಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಡೆನ್ಮಾರ್ಕ್ 2006ರಿಂದ ಈ ಬಗೆಯ ಆಪರೇಷನ್ನುಗಳ ರಾಷ್ಟ್ರೀಯ ದಾಖಲೆ ಇಟ್ಟಿದೆ. ಅಲ್ಲಿನ ಐದು ವರ್ಷದ ಲೆಕ್ಕದಲ್ಲಿ ಮರು ಆಪರೇಷನ್ ಬೇಕಾದವರು ಗರ್ಭಕೋಶ ತೆಗೆಸಿಕೊಂಡವರಲ್ಲಿ ಸುಮಾರು ಶೇ. 11, ಡಚ್ಚರು ಪರೀಕ್ಷಿಸಿದ ಆ ಹೊಲಿಗೆಯ ವಿಧಾನದಲ್ಲಿ ಶೇ. 30, ಗರ್ಭಕೊರಳಿನ ಉದ್ದವಾದ ಭಾಗವನ್ನಷ್ಟೇ ಕತ್ತರಿಸಿ ಲಿಗಮೆಂಟುಗಳನ್ನು ಮುಂದೆ ತಂದು ಬಿಗಿಯುವ ಮ್ಯಾಂಚೆಸ್ಟರ್ ವಿಧಾನದಲ್ಲಿ ಶೇ. 7. ಉಳಿಸುವ ಈ ಎರಡು ವಿಧಾನಗಳನ್ನು ಡಚ್ಚರೇ 434 ಮಹಿಳೆಯರಲ್ಲಿ ಹೋಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಮ್ಯಾಂಚೆಸ್ಟರ್ ವಿಧಾನವೇ ಮುಂದಿತ್ತು. ಮೂರು ಅಧ್ಯಯನಗಳನ್ನು ಒಟ್ಟಿಗಿಟ್ಟರೆ ಒಂದು ಸಂಗತಿ ಸ್ಪಷ್ಟ: ಸರಿಯಾದ ವಿಧಾನ ಆರಿಸಿದರೆ, ಗರ್ಭಕೋಶ ಉಳಿಸಿಕೊಂಡ ಹೆಂಗಸು ತೆಗೆಸಿಕೊಂಡವಳಿಗಿಂತ ಹಿಂದೆ ಬೀಳುವುದಿಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ಅದಕ್ಕೇ ತೆಗೆಯುವುದನ್ನೂ ಉಳಿಸುವುದನ್ನೂ ಒಂದೇ ಸಾಲಿನಲ್ಲಿಟ್ಟು, ಆಯ್ಕೆಯನ್ನು ಮಹಿಳೆಯ ಜೊತೆ ಕೂತು ಮಾಡಿ ಎಂದು ಹೇಳುತ್ತದೆ.

ಮ್ಯಾಂಚೆಸ್ಟರ್ ವಿಧಾನ ಹೊಸದೇನಲ್ಲ. ಆರ್ಚಿಬಾಲ್ಡ್ ಡೊನಾಲ್ಡ್ ಅದನ್ನು 1888ರಲ್ಲಿ ಶುರು ಮಾಡಿದರು, ಫೋದರ್‌ಗಿಲ್ ಅದನ್ನು ತಿದ್ದಿದರು. ಇದು ಶ್ರೀಮಂತ ದೇಶಗಳ ಮಾತು, ನಮ್ಮ ಹೆಂಗಸರಿಗೆ ಒಗ್ಗುವುದಿಲ್ಲ ಎನ್ನುವವರಿಗೆ ನಮ್ಮದೇ ದೇಶದ ಚರಿತ್ರೆ ನೆನಪಿಸಬೇಕು. ಗೋವಾದ ಶಿರೋಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಓದಿ, ಮುಂಬೈಯಲ್ಲಿ ಹೆಸರಾದ ವಿ.ಎನ್. ಶಿರೋಡ್ಕರ್ ಅವರನ್ನು ಜಗತ್ತು ಗರ್ಭಕೊರಳಿನ ಹೊಲಿಗೆಗಾಗಿ ಬಲ್ಲದು. ಜಾರಿದ ಗರ್ಭಕೋಶವನ್ನು ಪಟ್ಟಿ ಕಟ್ಟಿ ಮೇಲಕ್ಕೆತ್ತಿ ನಿಲ್ಲಿಸುವ ಸ್ಲಿಂಗ್ ಆಪರೇಷನ್ನನ್ನೂ ಅವರು ರೂಪಿಸಿದರು. ಪುರಂದರೆ, ಖನ್ನಾ, ಜೋಶಿ, ವಿರ್ಕುಡ್ ಅವರ ಹೆಸರಿನ ಸ್ಲಿಂಗ್‌ಗಳು ಇಂದಿಗೂ ಭಾರತದ ಪಠ್ಯಪುಸ್ತಕಗಳಲ್ಲಿವೆ. ಪರೀಕ್ಷೆಗೆ ಓದುವ ಪ್ರತಿ ವಿದ್ಯಾರ್ಥಿಗೂ ಈ ಹೆಸರುಗಳು ಬಾಯಿಪಾಠ. ಅವು ಹುಟ್ಟಿದ್ದೇ ನಮ್ಮಲ್ಲಿ ಚಿಕ್ಕ ವಯಸ್ಸಿನ ಹೆಂಗಸರಿಗೂ ಗರ್ಭಕೋಶ ಜಾರುತ್ತದೆ, ಅವರಿಗೆ ಇನ್ನೂ ಮಕ್ಕಳು ಬೇಕು ಎಂಬ ಅರಿವಿನಿಂದ. ಮಕ್ಕಳು ಬೇಕಾದವಳಿಗೆ ಉಳಿಸಿಕೊಡಬಲ್ಲ ವಿದ್ಯೆ ಮಕ್ಕಳಾದವಳಿಗೆ ಏಕೆ ಸಲ್ಲಬಾರದು?

ಇಲ್ಲಿ ರೂಢಿಯ ಎರಡನೆಯ ನಂಬಿಕೆ ಎದುರಾಗುತ್ತದೆ. ಮಕ್ಕಳಾದವು, ಟ್ಯೂಬೆಕ್ಟಮಿಯೂ ಆಯಿತು, ಇನ್ನು ಆ ಚೀಲದಿಂದ ಏನು ಪ್ರಯೋಜನ? ಇಟ್ಟುಕೊಂಡರೆ ನಾಳೆ ಕ್ಯಾನ್ಸರ್ ಬಂದೀತು. ಹೆಣ್ಣಿನ ಅಂಗವೊಂದರ ಬೆಲೆಯನ್ನು ಅದು ಹೆರುವ ಮಕ್ಕಳಿಂದಷ್ಟೇ ಅಳೆಯುವ ಮಾತು ಇದು. ವೈದ್ಯಕೀಯವಾಗಿಯೂ ಇದು ಸುಳ್ಳು. ಅಂಡಾಶಯ ಬಿಟ್ಟು ಗರ್ಭಕೋಶ ಮಾತ್ರ ತೆಗೆದರೂ ಅಂಡಾಶಯ ಬೇಗ ಸೋಲುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 2011ರಲ್ಲಿ ತೋರಿಸಿತು. ಅಂಡಾಶಯವನ್ನೂ ಜೊತೆಗೇ ತೆಗೆದುಬಿಟ್ಟರೆ ಪರಿಣಾಮ ಇನ್ನೂ ಕೆಟ್ಟದ್ದು. ಅಮೆರಿಕದ ದಾದಿಯರನ್ನು ದಶಕಗಳ ಕಾಲ ಹಿಂಬಾಲಿಸಿದ ನರ್ಸಸ್ ಹೆಲ್ತ್ ಸ್ಟಡಿಯ 2009ರ ವರದಿಯಲ್ಲಿ, ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಅಂಡಾಶಯ ಮತ್ತು ಸ್ತನ ಕ್ಯಾನ್ಸರ್ ಕಡಿಮೆಯಾದರೂ ಹೃದ್ರೋಗದಿಂದ ಮತ್ತು ಒಟ್ಟಾರೆ ಸಾಯುವವರ ಪ್ರಮಾಣ ಹೆಚ್ಚಿತ್ತು. ಮೂವತ್ತೈದಕ್ಕೇ ಮುಟ್ಟು ನಿಂತ ಕೂಲಿ ಹೆಂಗಸಿಗೆ ಮೂಳೆ ಸವೆತ, ಬಿಸಿಯುಬ್ಬರ, ನಿದ್ದೆಗೇಡು ಎಲ್ಲವೂ ಹತ್ತಕ್ಕೂ ಹೆಚ್ಚು ವರ್ಷ ಮುಂಚೆಯೇ ಬಂದು ಕೂರುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ಲಸಿಕೆ ಇದೆ, ತಪಾಸಣೆ ಇದೆ. ಭಯ ಹುಟ್ಟಿಸಿ ಅಂಗ ತೆಗೆಯುವುದು ತಡೆಗಟ್ಟುವ ಕ್ರಮವಲ್ಲ.

ಇದುವರೆಗೆ ಹೇಳಿದ್ದು ಆಪರೇಷನ್ ಬೇಕಾದವರ ವಿಚಾರ. ಬಹಳಷ್ಟು ಮಂದಿಗೆ ಅದೇ ಬೇಕಿರುವುದಿಲ್ಲ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಮಹಿಳೆಯರ ಮೇಲೆ ನಡೆದು 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದಲ್ಲಿ, ಗರ್ಭಕೋಶವನ್ನು ಕೆಳಗಿನಿಂದ ಹೊತ್ತ ಸ್ನಾಯುಗಳಿಗೆಂದು ಒಬ್ಬೊಬ್ಬರಿಗೂ ಕಲಿಸಿಕೊಟ್ಟ ವ್ಯಾಯಾಮ ಒಂದು ವರ್ಷದಲ್ಲಿ ತೊಂದರೆಗಳನ್ನು ತಗ್ಗಿಸಿತು. ಆರಂಭದ ಹಂತದಲ್ಲಿರುವವರಿಗೆ ಕನಿಷ್ಠ ನಾಲ್ಕು ತಿಂಗಳು ಈ ವ್ಯಾಯಾಮ ಕೊಡಿ ಎನ್ನುತ್ತದೆ ನೈಸ್. ಜಾರಿದ್ದನ್ನು ಒಳಗೆ ಎತ್ತಿ ಹಿಡಿಯುವ ಸಿಲಿಕೋನ್ ಉಂಗುರ, ಅಂದರೆ ರಿಂಗ್ ಪೆಸರಿ, ಇನ್ನೊಂದು ದಾರಿ. ಡಚ್ಚರು 440 ಮಹಿಳೆಯರಲ್ಲಿ ಪೆಸರಿಯನ್ನೂ ಆಪರೇಷನ್ನನ್ನೂ ಹೋಲಿಸಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಬಳಿಕ ಪೆಸರಿ ಗುಂಪಿನ ಶೇ. 76.3 ಮಂದಿ, ಆಪರೇಷನ್ ಗುಂಪಿನ ಶೇ. 81.5 ಮಂದಿ ಸುಧಾರಿಸಿದೆ ಎಂದರು. ಪೆಸರಿಯಿಂದ ಶುರು ಮಾಡಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮುಂದೆ ಆಪರೇಷನ್ನಿಗೆ ಹೋದದ್ದೂ ನಿಜ. ಪೆಸರಿ ಆಪರೇಷನ್ನಿಗೆ ಸರಿಸಮ ಎಂದು ಆ ಅಧ್ಯಯನ ಹೇಳಲಿಲ್ಲ. ಆದರೆ ಉಳಿದವರು, ಅಂದರೆ ಅರ್ಧಕ್ಕೆ ಸಮೀಪದ ಹೆಂಗಸರು, ಆ ಎರಡು ವರ್ಷ ಕತ್ತಿಯ ಗೊಡವೆಯೇ ಇಲ್ಲದೆ ಕಳೆದರು. ಭಾರತದಲ್ಲಿ ಆ ಅವಕಾಶವನ್ನೇ ಕೊಡದೆ ಮೊದಲ ಭೇಟಿಯಲ್ಲೇ ಆಪರೇಷನ್ ದಿನಾಂಕ ಬರೆದುಕೊಡುವುದಕ್ಕೆ ಯಾವ ಅಧ್ಯಯನದ ಸಮರ್ಥನೆ ಇದೆ?

ಇದಕ್ಕೆ ಅನುಭವಿ ವೈದ್ಯರು ಕೊಡುವ ಉತ್ತರ ಹಗುರವಾದದ್ದಲ್ಲ. ಹಳ್ಳಿಯ ಹೆಂಗಸು ಮೂರು ತಿಂಗಳಿಗೊಮ್ಮೆ ಪೆಸರಿ ತೊಳೆಸಲು ಬರುವುದಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ, ಉಂಗುರ ಒಳಗೇ ಉಳಿದು ಹುಣ್ಣಾಗುತ್ತದೆ. ಅದಕ್ಕಿಂತ ಒಂದೇ ಸಲ ಮುಗಿಸಿಬಿಡುವುದು ಅವಳಿಗೇ ಒಳ್ಳೆಯದು. ಕಾಳಜಿಯಿಂದ ಹುಟ್ಟಿದ ಈ ವಾದ ಎರಡು ಕಡೆ ಕುಸಿಯುತ್ತದೆ. ‘ಒಂದೇ ಸಲ ಮುಗಿಯುತ್ತದೆ’ ಎಂಬುದೇ ಸರಿಯಲ್ಲ ಎಂದು ಮೇಲಿನ ಅಂಕಿಗಳು ತೋರಿಸಿವೆ. ಎರಡನೆಯದಾಗಿ, ಪೆಸರಿಯನ್ನು ವೈದ್ಯರೇ ತೆಗೆದು ಹಾಕಬೇಕೆಂಬ ನಿಯಮವಿಲ್ಲ. ಬ್ರಿಟನ್ನಿನ 340 ಮಹಿಳೆಯರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತಾವೇ ತೆಗೆದು, ತೊಳೆದು, ಮತ್ತೆ ಹಾಕಿಕೊಳ್ಳಲು ಕಲಿತವರ ಬದುಕಿನ ಗುಣಮಟ್ಟ ಆಸ್ಪತ್ರೆಗೆ ಬರುತ್ತಿದ್ದವರಷ್ಟೇ ಇತ್ತು, ತೊಡಕುಗಳು ಕಡಿಮೆ ಇದ್ದವು, ಖರ್ಚೂ ಕಡಿಮೆಯಾಯಿತು. ಜಾರಿದ ಅಂಗವನ್ನು ದಿನವೂ ಕೈಯಾರೆ ಒಳಗೆ ತಳ್ಳಿಕೊಂಡು ದುಡಿಯುವ ಹೆಂಗಸಿಗೆ ಒಂದು ಉಂಗುರ ಹಾಕಿಕೊಳ್ಳಲು ಬಾರದು ಎಂದುಕೊಳ್ಳುವುದು ಅವಳ ಸಾಮರ್ಥ್ಯವನ್ನು ಕಡೆಗಣಿಸುವ ಮಾತು. ಕಲಿಸುವವರು ಬೇಕು. ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ನರ್ಸುಗಳು ಊರೂರಲ್ಲಿ ಇದ್ದಾರೆ.

ನೆರೆಯ ನೇಪಾಳ ಆಪರೇಷನ್ನೊಂದನ್ನೇ ನೆಚ್ಚಿದ ದಾರಿಯಲ್ಲಿ ನಡೆದು ಎಡವಿದ್ದು ನಮ್ಮ ಕಣ್ಣೆದುರೇ ಇದೆ. ಅಲ್ಲಿ ಸುಮಾರು ಆರು ಲಕ್ಷ ಮಹಿಳೆಯರಿಗೆ ಗರ್ಭಕೋಶ ಜಾರಿದೆ, ಎರಡು ಲಕ್ಷ ಮಂದಿಗೆ ತಕ್ಷಣ ಆಪರೇಷನ್ ಬೇಕು ಎಂದು ವಿಶ್ವಸಂಸ್ಥೆಯ ಅಂದಾಜು ಹೇಳಿತು. ನೇಪಾಳದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಇದನ್ನು ಮಹಿಳೆಯರ ಸಂತಾನಾರೋಗ್ಯದ ಹಕ್ಕಿನ ಪ್ರಶ್ನೆಯೆಂದು ಎತ್ತಿಹಿಡಿಯಿತು. ಸರ್ಕಾರ ಉಚಿತ ಆಪರೇಷನ್ನುಗಳನ್ನು ಶುರು ಮಾಡಿತು. ಸಾವಿರಾರು ಮಂದಿ ಶಿಬಿರಗಳಲ್ಲಿ ಸಾಲು ನಿಂತರು. 2014ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅಲ್ಲಿಂದ ವರದಿ ತಂದಾಗ ಎತ್ತಿದ ಮುಖ್ಯ ಆಕ್ಷೇಪವೇ ಇದು: ಸರ್ಕಾರದ ಗಮನವೆಲ್ಲ ಆಪರೇಷನ್ ಮೇಲೆ, ಕಾಯಿಲೆ ಬರದಂತೆ ತಡೆಯುವುದರ ಮೇಲೆ ಸಾಕಷ್ಟು ಇಲ್ಲ. ಬಾಲ್ಯವಿವಾಹ, ಬೆನ್ನುಬೆನ್ನಿಗೆ ಹೆರಿಗೆ, ಹೆತ್ತ ಕೆಲವೇ ದಿನಗಳಲ್ಲಿ ತಲೆಹೊರೆ, ಬೇಡ ಎನ್ನುವ ಹಕ್ಕಿಲ್ಲದ ದಾಂಪತ್ಯ ಇವೆಲ್ಲ ಹಾಗೇ ಉಳಿದರೆ ಒಂದು ಪೀಳಿಗೆಯ ಆಪರೇಷನ್ ಮುಗಿಯುವಷ್ಟರಲ್ಲಿ ಮುಂದಿನ ಪೀಳಿಗೆ ಸಾಲಿಗೆ ಬಂದಿರುತ್ತದೆ.

ಕರ್ನಾಟಕಕ್ಕೂ ಈ ಕಥೆ ದೂರದ್ದಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಮಹಿಳೆಯರು, ಚಿಕ್ಕ ವಯಸ್ಸಿನಲ್ಲೇ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು 2017ರಲ್ಲಿ ಬೀದಿಗಿಳಿದರು. ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೂ ಕಬ್ಬು ಕಡಿಯಲು ಬರುವ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹೆಂಗಸರ ಬಗ್ಗೆ 2019ರಲ್ಲಿ ಅಲ್ಲಿನ ಸರ್ಕಾರ ಸಮಿತಿ ನೇಮಿಸಿತು. ಸಮೀಕ್ಷೆಗೆ ಒಳಪಟ್ಟ 82 ಸಾವಿರ ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿರಲಿಲ್ಲ. ಇವರಲ್ಲಿ ಜಾರಿದ ಕಾರಣಕ್ಕೆ ತೆಗೆಸಿಕೊಂಡವರು ಕೆಲವರೇ ಇರಬಹುದು. ಆದರೂ ಎಲ್ಲರ ಹಿಂದೆಯೂ ಇರುವ ತರ್ಕ ಒಂದೇ: ದುಡಿಯುವ ಹೆಣ್ಣಿನ ದೇಹ ತೊಂದರೆ ಕೊಟ್ಟರೆ ಆ ಭಾಗವನ್ನು ತೆಗೆದು ಕೆಲಸಕ್ಕೆ ಕಳಿಸು. ಹಣದ ಹರಿವೂ ಅದೇ ದಿಕ್ಕಿಗೆ. ಆಯುಷ್ಮಾನ್ ಭಾರತ್ ಯೋಜನೆ ಹಣ ಕೊಡುವುದು ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ. ಹೊರರೋಗಿಯಾಗಿ ಬಂದು ಪೆಸರಿ ಹಾಕಿಸಿಕೊಳ್ಳುವವಳಿಗೆ, ನಾಲ್ಕು ತಿಂಗಳು ವ್ಯಾಯಾಮ ಕಲಿಯುವವಳಿಗೆ ಅದರಲ್ಲಿ ಜಾಗವಿಲ್ಲ.

ಗರ್ಭಕೋಶ ಉಳಿಸಬೇಕೆಂಬ ಮಾತಿನ ಬೆನ್ನು ಹತ್ತಿ ಹೊಸ ಉಪಕರಣಗಳಿಗೆ ಜೋತುಬೀಳುವ ಅಪಾಯವನ್ನೂ ಎಚ್ಚರಿಸಬೇಕು. ಯೋನಿಯ ಮೂಲಕ ಪ್ಲಾಸ್ಟಿಕ್ ಜಾಲರಿ ಕೂರಿಸುವ ವಿಧಾನ ಎರಡು ದಶಕಗಳ ಹಿಂದೆ ಪಶ್ಚಿಮದಲ್ಲಿ ಅಲೆಯಂತೆ ಹಬ್ಬಿತು. 2010ರಲ್ಲಿ ಅಮೆರಿಕದಲ್ಲಿ ಅಂಗ ಜಾರಿದ್ದಕ್ಕೆ ನಡೆದ ಸುಮಾರು ಮೂರು ಲಕ್ಷ ಆಪರೇಷನ್ನುಗಳಲ್ಲಿ ಮೂರನೇ ಒಂದು ಭಾಗದಲ್ಲಿ ಜಾಲರಿ ಬಳಕೆಯಾಗಿತ್ತು. 2017ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನ, ಜಾಲರಿಯಿಂದ ಹೆಚ್ಚಿನ ಲಾಭವೇನೂ ಇಲ್ಲ, ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅದರದೇ ತೊಡಕುಗಳು ಎಂದಿತು. ಅದೇ ವರ್ಷ ಆಸ್ಟ್ರೇಲಿಯಾ ಅದನ್ನು ಮಾರುಕಟ್ಟೆಯಿಂದ ಹೊರಹಾಕಿತು, 2019ರ ಏಪ್ರಿಲ್‌ನಲ್ಲಿ ಅಮೆರಿಕವೂ ಮಾರಾಟ ನಿಲ್ಲಿಸಿತು. ಈ ಲೇಖನ ಮುಖ್ಯವಾಗಿ ಪ್ರತಿಪಾದಿಸುವುದು ಈ ಜಾಲರಿಯನ್ನಲ್ಲ, ಹೆಂಗಸಿನದೇ ಅಂಗಾಂಶವನ್ನು ಹೊಲಿದು ಬಿಗಿಯುವ ಹಳೆಯ, ಪರೀಕ್ಷೆಗೆ ನಿಂತ ವಿಧಾನಗಳನ್ನು.

ಗರ್ಭಕೋಶ ತೆಗೆಯುವುದು ಯಾವಾಗಲೂ ತಪ್ಪು ಎಂದೂ ಅರ್ಥವಲ್ಲ. ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಿರುವವರಿಗೆ, ಕ್ಯಾನ್ಸರಿನ ಅನುಮಾನ ಇರುವವರಿಗೆ, ದೊಡ್ಡ ಗಡ್ಡೆ ಇರುವವರಿಗೆ, ಎಲ್ಲ ತಿಳಿದುಕೊಂಡು ತನಗೆ ಅದೇ ಬೇಕು ಎನ್ನುವವರಿಗೆ ಅದು ಸರಿಯಾದ ಚಿಕಿತ್ಸೆ. ಆಗಲೂ ಮೇಲ್ತುದಿಯನ್ನು ಗಟ್ಟಿ ಲಿಗಮೆಂಟಿಗೆ ಹೊಲಿದು ನಿಲ್ಲಿಸುವ ಕೆಲಸ ಜೊತೆಗೇ ಆಗಬೇಕು. ಆಕ್ಷೇಪ ಇರುವುದು ಆಯ್ಕೆಗಳಲ್ಲಿ ಒಂದಾಗಬೇಕಾದದ್ದು ಏಕೈಕ ದಾರಿಯಾಗಿರುವುದಕ್ಕೆ.

ತಡೆಗಟ್ಟುವ ಕೆಲಸ ಆಸ್ಪತ್ರೆಯ ಹೊರಗಿನದು. ತವರಿನಲ್ಲಿ ಮೂರರಿಂದ ಐದು ತಿಂಗಳ ಬಾಣಂತನ ಕನ್ನಡ ನಾಡಿನ ಮನೆಗಳಲ್ಲಿ ಇಂದಿಗೂ ಇದೆ. ಆದರೆ ಅದು ಉಳ್ಳವರ ಪಾಲಿಗೆ. ಕೂಲಿಯ ಹೆಂಗಸು ಹಸಿ ಮೈಯಲ್ಲೇ ಕೊಡ ಹೊರುತ್ತಾಳೆ. ಸಂಘಟಿತ ವಲಯದ ಉದ್ಯೋಗಿಗೆ 2017ರ ತಿದ್ದುಪಡಿ 26 ವಾರಗಳ ಸಂಬಳದ ರಜೆ ಕೊಟ್ಟಿತು. ಅದೇ ವರ್ಷ ಶುರುವಾದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಕೂಲಿಯವಳಿಗೆ ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ. ಆಹಾರ ಭದ್ರತಾ ಕಾಯ್ದೆ 2013ರಲ್ಲೇ ಕನಿಷ್ಠ 6,000 ಎಂದಿತ್ತು. ಆ ಹಣದಲ್ಲಿ ಆರು ವಾರ ಕೂತು ಉಣ್ಣುವುದೂ ಕಷ್ಟ.

ಮಾಡಬೇಕಾದದ್ದಕ್ಕೆ ಹೊಸ ಕಾನೂನು ಬೇಕಿಲ್ಲ. ಸುಪ್ರೀಂ ಕೋರ್ಟ್ ಆದೇಶಿಸಿದ ಮಾರ್ಗಸೂಚಿಯಡಿ ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕು. ಆ ಸಮಿತಿಯ ಮುಂದೆ ಬರುವ ಕಡತದಲ್ಲಿ ಗರ್ಭಕೋಶ ಜಾರಿತ್ತು ಎಂದು ಬರೆದಿದ್ದರೆ ಪ್ರಶ್ನೆ ಅಲ್ಲಿಗೇ ನಿಲ್ಲಬಾರದು. ಎಷ್ಟು ಹಂತ ಜಾರಿತ್ತು, ವ್ಯಾಯಾಮ ಕಲಿಸಿದಿರಾ, ಪೆಸರಿ ತೋರಿಸಿದಿರಾ, ಉಳಿಸುವ ಆಪರೇಷನ್ನಿನ ಬಗ್ಗೆ ಅವಳ ಭಾಷೆಯಲ್ಲಿ ಹೇಳಿದಿರಾ, ಅಂಡಾಶಯ ಏಕೆ ತೆಗೆದಿರಿ, ಇವಿಷ್ಟಕ್ಕೂ ಉತ್ತರ ಕಡತದಲ್ಲಿರಬೇಕು. ವೈದ್ಯಕೀಯ ಕಾಲೇಜುಗಳು ಮ್ಯಾಂಚೆಸ್ಟರ್ ವಿಧಾನವನ್ನೂ ಸ್ಲಿಂಗ್‌ಗಳನ್ನೂ ಪರೀಕ್ಷೆಯ ಉತ್ತರವಾಗಿ ಅಲ್ಲ, ಥಿಯೇಟರಿನಲ್ಲಿ ಕೈಯಾರೆ ಮಾಡಿಸಿ ಕಲಿಸಬೇಕು. ತಾಲ್ಲೂಕು ಆಸ್ಪತ್ರೆಯ ಔಷಧಿ ಪಟ್ಟಿಯಲ್ಲಿ ಎಲ್ಲ ಅಳತೆಯ ಪೆಸರಿಗಳಿರಬೇಕು, ಅಳತೆ ನೋಡಿ ಹಾಕಬಲ್ಲ ನರ್ಸ್ ಒಬ್ಬರಾದರೂ ಅಲ್ಲಿರಬೇಕು.